ಸಾಸಿವೆಗೆ ಸುಂಕವಿಲ್ಲ

ಬರ್ಲಿನ್ ನಗರದ ಬೀದಿಯ ಮೂಲೆಗಳಲ್ಲಿ, ರೈಲು ನಿಲ್ದಾಣಗಳ ಇದಿರಿನಲ್ಲಿ, 'ಇಂಬಿಸ್' ಎಂದು ಕರೆಯಲ್ಪಡುವ ಪುಟ್ಟ ತಿಂಡಿಯಂಗಡಿಗಳುಂಟು. ಅಲ್ಲಿ ಸಾಮಾನ್ಯವಾಗಿ ಕುರ್ಚಿಗಳಿರುವುದಿಲ್ಲ. ಎದೆಯೆತ್ತರದ ಮೇಜಿಗೆ ಮೊಣಕೈಯೂರಿ ನಿಂತೇ ತಿನ್ನಬೇಕು. ಒಂದು ತಟ್ಟೆ ಕರಿದ ಆಲೂಗಡ್ಡೆಯನ್ನು ಬೇಡಿದಿರೆನ್ನಿ, ಅಂಗಡಿಯಾತ ಕೇಳುವ ಪ್ರಶ್ನೆ ಒಂದೇ: "ಕೆಂಪೋ, ಬಿಳಿಯೋ?" ಕೆಂಪೆಂದರೆ ಟೊಮೆಟೊ ಕೆಚಪ್ಪು, ಬಿಳಿಯೆಂದರೆ ಮೊಟ್ಟೆಯ ಹಳದಿಯನ್ನೂ ಎಣ್ಣೆಯನ್ನೂ ಕಡೆದು ಮಾಡಿದ ಮೇಯೊನೇಸ್. ಎರಡೂ ಬೇಕೆನ್ನುವ ಭೋಗಿಗಳು "ಕೆಂಪು-ಬಿಳಿ" ಎನ್ನುತ್ತಾರೆ. ಪ್ರಶ್ನೆ ಕೇಳಿದ ಧ್ವನಿಯಲ್ಲಿ ಉಪಚಾರವೇನೋ ಇದೆ. ಆದರೆ ಉತ್ತರ ಕೊಟ್ಟ ಮರುಕ್ಷಣ ಲೆಕ್ಕಕ್ಕೆ ಇನ್ನಷ್ಟು ಸೆಂಟುಗಳು ಸೇರಿರುತ್ತವೆ!

ಎರಡನೆಯ ಸಲ, ಮೂರನೆಯ ಸಲ ಸಾಂಬಾರನ್ನು ಕೇಳಿ ಹಾಕಿಸಿಕೊಂಡು, ಚಟ್ನಿಯ ಬಟ್ಟಲನ್ನು ಮಾಣಿಯ ಕಡೆಗೆ ಮತ್ತೆ ಚಾಚಿ, ಇಷ್ಟಾದರೂ ಒಂದೇ ದೋಸೆಯ ಹಣ ಕೊಟ್ಟು ಏಳುವ ನಮ್ಮ ಜನಕ್ಕೆ ಇದು ವಿಚಿತ್ರವೆಂದು ತೋರಿದರೆ ಆಶ್ಚರ್ಯವಿಲ್ಲ. ನಂಜಿಕೊಳ್ಳುವುದಕ್ಕೂ ದುಡ್ಡೇ? ಇಂಥ ಶ್ರೀಮಂತ ದೇಶದಲ್ಲಿ ಇಷ್ಟೊಂದು ಜಿಪುಣತನವೇ? ಜರ್ಮನಿಯಿಂದ ಮರಳಿದ ನಮ್ಮವರಲ್ಲಿ ಈ ಮಾತನ್ನು ಆಡದವರು ಕಡಿಮೆ. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಓದುವ ಪರದೇಶದ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ಇಂದು ಅತಿ ದೊಡ್ಡ ಪಂಗಡ. ಮಕ್ಕಳನ್ನು ನೋಡಲೆಂದು ಅತ್ತ ಹೊರಡುವ ತಂದೆತಾಯಿಗಳೂ ಅದಕ್ಕೆ ತಕ್ಕಷ್ಟು ಹೆಚ್ಚಿದ್ದಾರೆ. ಆ ನಾಡಿನ ಊಟದ ಮೇಜಿನ ನಡೆನುಡಿ ತಿಳಿಯದೆ ಅಲ್ಲಿ ಕುಳಿತರೆ ಹೊಟ್ಟೆ ತುಂಬೀತು, ಮನಸ್ಸು ಮಾತ್ರ ಕಹಿಯಾದೀತು. ಆದುದರಿಂದ ಆ ಲೆಕ್ಕದ ಹಿಂದಿರುವ ಮನಸ್ಸನ್ನು ಸ್ವಲ್ಪ ವಿಚಾರಿಸಿ ನೋಡುವುದು ಒಳ್ಳೆಯದು.

ಸಾಸಿವೆಯ ಸಂಸ್ಥಾನಗಳು

ಅದೇ ಅಂಗಡಿಯ ಕಟ್ಟೆಯ ಮೇಲೆ ಇನ್ನೊಂದು ಪಾತ್ರೆ ಇರುತ್ತದೆ. ಅದರಲ್ಲಿರುವುದು ಅರೆದ ಸಾಸಿವೆ. ಸುಟ್ಟ ಸಾಸೇಜನ್ನು ಕೊಂಡವನು ಅದರಿಂದ ತನಗೆ ಬೇಕಾದಷ್ಟು ಸಾಸಿವೆಯನ್ನು ಒತ್ತಿಕೊಳ್ಳಬಹುದು. ಬಹುತೇಕ ಕಡೆಗಳಲ್ಲಿ ಅದಕ್ಕೆ ಬೇರೆ ಬೆಲೆಯಿಲ್ಲ. ಸಾಸೇಜೂ ಸಾಸಿವೆಯೂ ಅಲ್ಲಿ ಇಡ್ಲಿ ಚಟ್ನಿಗಳಂತೆ ಒಂದನ್ನೊಂದು ಬಿಟ್ಟಿರದ ಜೋಡಿ. ಕೆಚಪ್ಪು ಆಮೇಲೆ ಬಂದ ನೆಂಟ. ಈ ಭೇದವನ್ನು ಅರಿತರೆ ಅರ್ಧ ಗುಟ್ಟು ತಿಳಿದಂತೆಯೇ. ತಿಂಡಿಗೆ ಯಾವುದು ಅಂಗವೋ ಅದು ಬೆಲೆಯೊಳಗೆ ಅಡಕ. ಯಾವುದು ತಿನ್ನುವವನ ಬಯಕೆಯೋ ಅದಕ್ಕೆ ಬೇರೆ ಹಣ.

ಸಾಸಿವೆಯನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಇಲ್ಲೊಂದು ಸ್ವಾರಸ್ಯವಿದೆ. ಸಾಸಿವೆಯ ಇಡಿಯ ಕಾಳಿಗೆ ಘಾಟಿಲ್ಲ. ಅದನ್ನು ಅರೆದು ನೀರು ಸೋಕಿಸಿದಾಗ, ಕಾಳಿನೊಳಗೇ ಇರುವ ಒಂದು ಕಿಣ್ವವು ಇನ್ನೊಂದು ವಸ್ತುವನ್ನು ಒಡೆದು, ಮೂಗಿಗೇರುವ ಆ ಖಾರವನ್ನು ಹುಟ್ಟಿಸುತ್ತದೆ. ಬಿಸಿ ತಗುಲಿದರೆ ಕಿಣ್ವದ ಶಕ್ತಿ ಅಡಗಿಹೋಗುತ್ತದೆ. ಆದ್ದರಿಂದಲೇ ಒಗ್ಗರಣೆಯಲ್ಲಿ ಚಟಪಟನೆ ಸಿಡಿದ ಸಾಸಿವೆ ಘಮಘಮಿಸುತ್ತದೆಯೇ ಹೊರತು ಕಣ್ಣಲ್ಲಿ ನೀರು ತರಿಸುವುದಿಲ್ಲ. ಹಸಿಯ ಸಾಸಿವೆಯನ್ನು ತೆಂಗಿನಕಾಯಿಯೊಡನೆ ಅರೆದು ಮೊಸರಿಗೆ ಬೆರೆಸುವ ನಮ್ಮ 'ಸಾಸಿವೆ'ಯಾದರೋ ನೆತ್ತಿಗೇರುತ್ತದೆ. ಜರ್ಮನರು ಹಿಡಿದಿರುವುದು ಈ ಎರಡನೆಯ ದಾರಿ. ಅರೆದ ಹಿಟ್ಟಿಗೆ ನೀರು, ಹುಳಿ ವಿನೆಗರು, ಉಪ್ಪು ಸೇರಿಸಿ, ಘಾಟು ಹಾರಿಹೋಗದಂತೆ ಹಿಡಿದಿಡುತ್ತಾರೆ.

ಊರಿಗೊಂದು ಸಾಂಬಾರು ಇರುವಂತೆ ಅಲ್ಲಿ ಸೀಮೆಗೊಂದು ಸಾಸಿವೆ. ರೈನ್ ನದಿಯ ದಂಡೆಯ ಡ್ಯೂಸೆಲ್‌ಡಾರ್ಫ್ ನಗರದ್ದು ಉಗ್ರವಾದ ಖಾರ. ಜರ್ಮನಿಯ ಮೊದಲ ಸಾಸಿವೆ ಕಾರ್ಖಾನೆ 1726ರಲ್ಲಿ ಹುಟ್ಟಿದ್ದು ಅಲ್ಲಿಯೇ. ದಕ್ಷಿಣದ ಬವೇರಿಯದವರಿಗೆ ಸಿಹಿ ಸಾಸಿವೆ ಬೇಕು. ಮ್ಯೂನಿಕ್ ನಗರದ ಯೋಹಾನ್ ಕೊನ್ರಾಡ್ ಡೆವೆಲೈ ಎಂಬಾತ 1854ರಲ್ಲಿ ಸಾಸಿವೆಗೆ ಸಕ್ಕರೆ ಬೆರೆಸಿ ಈ ಬಗೆಯನ್ನು ತಯಾರಿಸಿದನಂತೆ. ಪೂರ್ವದ ಬೌಟ್ಸನ್ ಪಟ್ಟಣದ ಸಾಸಿವೆ ಮಧ್ಯಮ ಖಾರದ್ದು. 1990ರಲ್ಲಿ ಎರಡು ಜರ್ಮನಿಗಳೂ ಒಂದಾದಾಗ, ಪೂರ್ವದ ಜನ ದಿನವೂ ಬಳಸುತ್ತಿದ್ದ ಎಷ್ಟೋ ಸರಕುಗಳು ಅಂಗಡಿಗಳಿಂದ ಕಣ್ಮರೆಯಾದುವು. ಬೌಟ್ಸನ್ನಿನ ಸಾಸಿವೆ ಉಳಿದುಕೊಂಡಿತು. 1992ರಲ್ಲಿ ಅದನ್ನು ಕೊಂಡದ್ದು ಸಿಹಿ ಸಾಸಿವೆಯ ಆ ಡೆವೆಲೈ ಸಂಸ್ಥೆಯೇ. ದೇಶದ ಗಡಿಗಳನ್ನು ಅಳಿಸಿದಷ್ಟು ಸುಲಭವಾಗಿ ನಾಲಗೆಯ ಗಡಿಗಳನ್ನು ಅಳಿಸಲಾಗದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಸಿಹಿ ಸಾಸಿವೆಯನ್ನು ಯಾವುದಕ್ಕೆಂದರೆ ಅದಕ್ಕೆ ಹಚ್ಚಿಕೊಳ್ಳುವಂತಿಲ್ಲ. ಅದು ಮ್ಯೂನಿಕ್ಕಿನ ಬಿಳಿಯ ಸಾಸೇಜಿಗೆ ಮೀಸಲು. 1857ರ ಫೆಬ್ರವರಿ 22ರಂದು ಹೋಟೆಲಿನವನೊಬ್ಬ ತೆಳ್ಳನೆಯ ಕರುಳು ಮುಗಿದುಹೋಗಿ, ದಪ್ಪ ಕರುಳಿನಲ್ಲಿ ಮಾಂಸ ತುಂಬಿ, ಸುಟ್ಟರೆ ಒಡೆದೀತೆಂದು ಹೆದರಿ ನೀರಿನಲ್ಲಿ ಬೇಯಿಸಿಬಿಟ್ಟನೆಂದೂ, ಹಾಗೆ ಇದು ಹುಟ್ಟಿತೆಂದೂ ಐತಿಹ್ಯ. ಈ ಸಾಸೇಜಿನ ಕಿವಿಗೆ ಮಧ್ಯಾಹ್ನದ ಹನ್ನೆರಡರ ಗಂಟೆ ಬೀಳಬಾರದೆಂದು ಅಲ್ಲಿಯ ನಂಬಿಕೆ. ಶೀತಲ ಪೆಟ್ಟಿಗೆಗಳಿಲ್ಲದ ಕಾಲದಲ್ಲಿ ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನದ ಹೊತ್ತಿಗೆ ಕೆಡುತ್ತಿದ್ದಿತಷ್ಟೆ. ಈಗ ಶೀತಲ ಪೆಟ್ಟಿಗೆಗಳು ಬಂದಿವೆ, ನಂಬಿಕೆ ಹೋಗಿಲ್ಲ. ನಮ್ಮ ಮನೆಗಳ ಮಡಿಯ ನೆನಪಾಗುವುದಿಲ್ಲವೆ?

ಸಾಸಿವೆ ಜರ್ಮನರ ಮಾತಿಗೂ ನುಗ್ಗಿದೆ. ಕೇಳದಿದ್ದರೂ ಬುದ್ಧಿ ಹೇಳಲು ಬರುವವನನ್ನು ಕುರಿತು "ಅವನೂ ತನ್ನ ಸಾಸಿವೆ ಸೇರಿಸಿದ" ಎನ್ನುತ್ತಾರೆ. ಬಿಟ್ಟಿಯಾಗಿ ಸಿಕ್ಕುವುದಕ್ಕೆ ಬೆಲೆ ಕಡಿಮೆಯೆಂಬ ಸತ್ಯವನ್ನು ಎಲ್ಲ ದೇಶದವರೂ ಕಂಡುಕೊಂಡಿದ್ದಾರೆ!

ಹಳೆಯ ಭೋಜನಶಾಲೆಗಳ ಮೇಜಿನ ಮೇಲೆ ಉಪ್ಪು ಮೆಣಸುಗಳ ಜೊತೆಗೆ ಒಂದು ಕಂದುಬಣ್ಣದ ಸೀಸೆಯೂ ಕಾಣಸಿಗುತ್ತದೆ. ಹಳದಿ ಕೆಂಪು ಚೀಟಿಯ ಮೇಲೆ 'ಮ್ಯಾಗಿ' ಎಂಬ ಹೆಸರು! ನಮ್ಮ ಮಕ್ಕಳಿಗೆ ಮ್ಯಾಗಿಯೆಂದರೆ ಎರಡು ನಿಮಿಷದ ಶಾವಿಗೆ. ಜರ್ಮನಿಯ ಅಜ್ಜಿಯಂದಿರಿಗೆ ಅದು ಸಾರಿಗೆ ನಾಲ್ಕು ಹನಿ ಬಿಡುವ ಕಪ್ಪು ರಸ. ಸ್ವಿಟ್ಸರ್ಲೆಂಡಿನ ಯೂಲಿಯಸ್ ಮ್ಯಾಗಿ 1886ರಲ್ಲಿ ಇದನ್ನು ಮಾರುಕಟ್ಟೆಗೆ ತಂದನು. ಇದರ ಪರಿಮಳವನ್ನು ಹೋಲುವ ಗಿಡವೊಂದಕ್ಕೆ ಜನ 'ಮ್ಯಾಗಿ ಸೊಪ್ಪು' ಎಂದೇ ಹೆಸರಿಟ್ಟರು. ಆ ಸೊಪ್ಪು ಮಾತ್ರ ಸೀಸೆಯ ರಸದಲ್ಲಿ ಇಲ್ಲವೇ ಇಲ್ಲ.

ಕರಿಯ ಪುಡಿ ಬರ್ಲಿನ್ ಸೇರಿದುದು

ನಮ್ಮ ಕಡೆಯ ಮಸಾಲೆಯೊಂದು ಜರ್ಮನರ ಬೀದಿಯ ತಿಂಡಿಯಾದ ಕಥೆಯನ್ನು ಇಲ್ಲಿ ಹೇಳಲೇಬೇಕು. ಎರಡನೆಯ ಮಹಾಯುದ್ಧ ಮುಗಿದು ನಾಲ್ಕು ವರ್ಷವಾಗಿದ್ದಿತು. ಬರ್ಲಿನ್ ಇನ್ನೂ ಇಟ್ಟಿಗೆಯ ರಾಶಿಗಳ ನಡುವೆ ಬದುಕುತ್ತಿದ್ದಿತು. ಶಾರ್ಲೊಟನ್‌ಬುರ್ಗ್ ಎಂಬ ಭಾಗ ಬ್ರಿಟಿಷ್ ಸೈನ್ಯದ ಆಡಳಿತದಲ್ಲಿದ್ದಿತು. ಅಲ್ಲಿ ಹೆರ್ಟಾ ಹಾಯ್ವರ್ ಎಂಬ ಹೆಂಗಸು ಪುಟ್ಟದೊಂದು ತಿಂಡಿಯಂಗಡಿ ನಡೆಸುತ್ತಿದ್ದಳು. 1949ರ ಸೆಪ್ಟೆಂಬರ್ 4ರಂದು ಆಕೆ ಟೊಮೆಟೊ ರಸಕ್ಕೆ ಕರಿಪುಡಿ ಮೊದಲಾದುವನ್ನು ಕಲಸಿ, ಹುರಿದು ತುಂಡರಿಸಿದ ಸಾಸೇಜಿನ ಮೇಲೆ ಸುರಿದು ಕೊಟ್ಟಳು. ಕರಿಪುಡಿ ಬ್ರಿಟಿಷ್ ಸೈನಿಕರ ಕಡೆಯಿಂದ ಬಂದುದೆಂದು ಹೇಳುತ್ತಾರೆ. ಅಂದಿನಿಂದ ಅದು 'ಕರಿವುರ್ಸ್ಟ್'. 1959ರಲ್ಲಿ ಆಕೆ ತನ್ನ ಗೊಜ್ಜಿಗೆ 'ಚಿಲಪ್' ಎಂಬ ವ್ಯಾಪಾರ ಚಿಹ್ನೆಯನ್ನು ನೋಂದಾಯಿಸಿದಳು. ಗೊಜ್ಜಿನ ಹದವನ್ನು ಮಾತ್ರ ಯಾರಿಗೂ ಬಿಟ್ಟುಕೊಡದೆ 1999ರಲ್ಲಿ ತೀರಿಕೊಂಡಳು. ಅಂಗಡಿಯಿದ್ದ ಜಾಗದಲ್ಲಿ ಇಂದು ಆಕೆಯ ಹೆಸರಿನ ಸ್ಮಾರಕ ಫಲಕವಿದೆ.

ಈ 'ಕರಿಪುಡಿ' ನಮ್ಮ ಅಡಿಗೆಮನೆಗಳು ಕಾಣದ ವಸ್ತು. ಅರಿಶಿನ, ಕೊತ್ತಂಬರಿ, ಮೆಂತ್ಯ, ಜೀರಿಗೆಗಳನ್ನು ಒಂದೇ ಡಬ್ಬಿಗೆ ತುಂಬಿ ಆಂಗ್ಲರು ಇಟ್ಟ ಹೆಸರದು. ನಮ್ಮ ಸಾರಿನ ಪುಡಿಯ ಈ ದೂರದ ಬಂಧು ಲಂಡನ್ನಿನ ದಾರಿಯಾಗಿ ಬರ್ಲಿನ್ನಿಗೆ ಹೋಗಿ, ಅಮೆರಿಕದ ಕೆಚಪ್ಪಿನೊಡನೆ ಸಂಸಾರ ಹೂಡಿದೆ! ಫೋಕ್ಸ್‌ವಾಗನ್ ಮೋಟಾರು ಕಾರ್ಖಾನೆಯಂತೂ 1973ರಿಂದ ತನ್ನದೇ ಕರಿವುರ್ಸ್ಟನ್ನು ತಯಾರಿಸುತ್ತಿದೆ. ಮೋಟಾರಿನ ಬಿಡಿಭಾಗಗಳಂತೆ ಅದಕ್ಕೂ ಒಂದು ಸಂಖ್ಯೆಯುಂಟು. 2021ರಲ್ಲಿ ವೋಲ್ಫ್ಸ್‌ಬುರ್ಗ್‌ನ ಒಂದು ಭೋಜನಶಾಲೆಯಿಂದ ಅದನ್ನು ತೆಗೆದುಹಾಕಿದಾಗ, ದೇಶದ ಮಾಜಿ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಅವರೇ ಬಹಿರಂಗವಾಗಿ ಆಕ್ಷೇಪಿಸಿದರು. 2023ರಲ್ಲಿ ಅದು ಮತ್ತೆ ಮೇಜಿಗೆ ಬಂದಿತು.

ಒಟ್ಟಿಗೋ, ಬೇರೆ ಬೇರೆಯೋ?

ಬೀದಿಯ ಅಂಗಡಿಯಿಂದ ಭೋಜನಶಾಲೆಯೊಳಕ್ಕೆ ಬರೋಣ. ಕುಳಿತೊಡನೆ ಮಾಣಿ ನೀರಿನ ಲೋಟಗಳನ್ನು ತಂದು ಕುಕ್ಕುವುದು ನಮ್ಮ ರೂಢಿ. ಅಲ್ಲಿ ನೀರನ್ನೂ ಬೇಡಿ ಕೊಳ್ಳಬೇಕು. ಕೊಂಡ ನೀರೂ ಬಹುಶಃ ಸೋಡಾದಂತೆ ಗುಳುಗುಳಿಸುವ ಬುಗ್ಗೆಯ ನೀರಾಗಿರುತ್ತದೆ. ಸಾದಾ ನೀರು ಬೇಕಿದ್ದರೆ "ಸ್ಟಿಲ್" ಎಂದು ಸ್ಪಷ್ಟವಾಗಿ ಹೇಳಬೇಕು. ಬಿಯರಿಗಿಂತ ನೀರಿಗೇ ಹೆಚ್ಚು ಬೆಲೆಯೆಂಬ ಹಳೆಯ ದೂರಿಗೆ ಕಾನೂನು ಒಂದಿಷ್ಟು ಪರಿಹಾರ ಒದಗಿಸಿದೆ. ಮದ್ಯವಲ್ಲದ ಒಂದಾದರೂ ಪಾನೀಯವು, ಅದೇ ಅಳತೆಯ ಅತ್ಯಂತ ಅಗ್ಗದ ಮದ್ಯಕ್ಕಿಂತ ದುಬಾರಿಯಾಗಿರಕೂಡದೆಂದು ಹೋಟೆಲುಗಳ ಕಾಯಿದೆಯ 6ನೆಯ ಕಲಮು ಹೇಳುತ್ತದೆ. ಜನ ಅದನ್ನು 'ಸೇಬಿನ ರಸದ ಕಲಮು' ಎಂದು ಕರೆಯುತ್ತಾರೆ.

ಬವೇರಿಯದ ಕೆಲವು ಭೋಜನಶಾಲೆಗಳಲ್ಲಿ ಕುಳಿತಾಗಲೇ ಮೇಜಿನ ಮೇಲೆ ಬುಟ್ಟಿಯೊಂದು ಇರುತ್ತದೆ. ಅದರಲ್ಲಿ ಗಂಟುಗಂಟಾಗಿ ಹೆಣೆದು ಸುಟ್ಟ 'ಬ್ರೆಟ್ಸೆಲ್' ರೊಟ್ಟಿಗಳು. ಅತಿಥಿ ಸತ್ಕಾರವೆಂದು ಭಾವಿಸಿ ಮಕ್ಕಳು ತಲಾ ಎರಡನ್ನು ಮುರಿದುಕೊಂಡರೆ, ಏಳುವಾಗ ಪರಿಚಾರಿಕೆ ಬುಟ್ಟಿಯನ್ನು ನೋಡಿ ತಿಂದವನ್ನು ಎಣಿಸಿ ಬರೆದುಕೊಳ್ಳುತ್ತಾಳೆ. ಆಕೆ ಎಣಿಸಲೂ ಬಹುದು, ಎಷ್ಟು ತಿಂದಿರೆಂದು ನಿಮ್ಮನ್ನೇ ಕೇಳಲೂ ಬಹುದು. ಕೇಳಿದಾಗ ನೀವು ಹೇಳಿದ್ದೇ ಲೆಕ್ಕ! ಅಲ್ಲಿಯ ಲೆಕ್ಕದಲ್ಲಿ ಒಂದು ಪಾಲು ನಂಬಿಕೆಯೂ ಬೆರೆತಿದೆ ಎಂಬುದನ್ನು ಗಮನಿಸಬೇಕು.

ಕೊಲೋನ್ ನಗರದಲ್ಲಂತೂ ಈ ಲೆಕ್ಕ ಲೋಟದ ಕೆಳಗಿಡುವ ದುಂಡನೆಯ ರಟ್ಟಿನ ಮೇಲೆಯೇ ನಡೆಯುತ್ತದೆ. ಅಲ್ಲಿಯ 'ಕೋಲ್ಷ್' ಬಿಯರಿನ ಲೋಟಗಳು ಪುಟ್ಟವು, ಲೀಟರಿನ ಐದನೆಯ ಒಂದು ಭಾಗ. ಬರಿದಾದ ಲೋಟ ಕಂಡೊಡನೆ ಪರಿಚಾರಕ ಕೇಳದೆಯೇ ಇನ್ನೊಂದನ್ನು ಇಟ್ಟು, ರಟ್ಟಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದು ಹೋಗುತ್ತಾನೆ. ಸಾಕೆನಿಸಿದಾಗ ರಟ್ಟನ್ನು ಲೋಟದ ಬಾಯಿಗೆ ಮುಚ್ಚಬೇಕು, ಬಾಯಿಮಾತಿನ ಅಗತ್ಯವಿಲ್ಲ. ಎಲೆಗೆ ಕೈ ಅಡ್ಡ ಹಿಡಿದು ಬಡಿಸುವವರನ್ನು ತಡೆಯುವ ನಮ್ಮ ಕ್ರಮದ ಸೋದರನಂತಿದೆ ಇದು. ಆ ಗೀಟುಗಳನ್ನು ತಿದ್ದುವುದು ಮಾತ್ರ ಆಟವಲ್ಲ. ಜರ್ಮನಿಯ ಕಾನೂನಿನ ದೃಷ್ಟಿಯಲ್ಲಿ ಆ ರಟ್ಟೂ ಒಂದು ದಸ್ತಾವೇಜು!

ಊಟ ಮುಗಿದ ಮೇಲೆ ನಮ್ಮವರನ್ನು ಅತಿಯಾಗಿ ಕಂಗೆಡಿಸುವ ಪ್ರಶ್ನೆ ಬರುತ್ತದೆ: "ಒಟ್ಟಿಗೋ, ಬೇರೆ ಬೇರೆಯೋ?" ಬಿಲ್ಲಿಗಾಗಿ ಪರಸ್ಪರ ಕೈ ಹಿಡಿದು ಜಗ್ಗಾಡುವುದು ನಮ್ಮಲ್ಲಿ ಸ್ನೇಹದ ಲಕ್ಷಣ. ಅಲ್ಲಿ ನಾಲ್ವರು ಗೆಳೆಯರು ಒಂದೇ ಮೇಜಿನಲ್ಲಿ ನಗುನಗುತ್ತ ಉಂಡು, ನಾಲ್ಕು ಬಗೆಯಾಗಿ ಹಣ ತೆರುತ್ತಾರೆ. ಪರಿಚಾರಿಕೆ ಬೇಸರವಿಲ್ಲದೆ ಒಬ್ಬೊಬ್ಬರ ಲೆಕ್ಕವನ್ನೂ ಬಿಡಿಸಿ ಹೇಳುತ್ತಾಳೆ. "ಬನ್ನಿ, ಊಟಕ್ಕೆ ಹೋಗೋಣ" ಎಂದು ಕರೆದ ಸಹೋದ್ಯೋಗಿಯೇ ತನ್ನ ಪಾಲನ್ನಷ್ಟೆ ತೆತ್ತು ಎದ್ದಾಗ, ಹೊಸದಾಗಿ ಹೋದ ನಮ್ಮ ಹುಡುಗರ ಮನಸ್ಸಿಗೆ ಚುರುಕೆನ್ನುವುದು ಸಹಜ. ಆದರೆ ಅಲ್ಲಿ 'ಹೋಗೋಣ' ಎಂಬುದಕ್ಕೂ 'ನಾನು ಆಮಂತ್ರಿಸುತ್ತೇನೆ' ಎಂಬುದಕ್ಕೂ ಅಜಗಜಾಂತರ. ಆಮಂತ್ರಿಸುತ್ತೇನೆ ಎಂದವನು ಎಲ್ಲರ ಹಣವನ್ನೂ ತಾನೇ ಕೊಡುತ್ತಾನೆ. ಅತಿಥಿ ಜೇಬಿಗೆ ಕೈ ಹಾಕಿದರೆ ನೊಂದುಕೊಳ್ಳುತ್ತಾನೆ. ಹುಟ್ಟಿದ ಹಬ್ಬದ ದಿನ ಉಳಿದವರಿಗೆ ತಿನ್ನಿಸುವ ಭಾರವೂ ಹಬ್ಬದವನದೇ. ಅವರ ಔದಾರ್ಯಕ್ಕೆ ಬರವಿಲ್ಲ; ಅದು ಮಾತು ಕೊಟ್ಟ ಮೇಲೆ ಬರುತ್ತದೆ, ಅಷ್ಟೆ.

ಭಕ್ಷೀಸಿನ ಕ್ರಮವೂ ಬೇರೆ. ನೂರಕ್ಕೆ ಐದರಿಂದ ಹತ್ತರಷ್ಟು ಸೇರಿಸಿ, ಮೊತ್ತವನ್ನು ದುಂಡು ಸಂಖ್ಯೆ ಮಾಡಿ ಬಾಯಲ್ಲಿ ಹೇಳಿಬಿಡುತ್ತಾರೆ. ಹದಿನೆಂಟೂವರೆ ಯೂರೋ ಆಗಿದ್ದರೆ "ಇಪ್ಪತ್ತು" ಎಂದರಾಯಿತು. ತಟ್ಟೆಯ ಅಡಿಯಲ್ಲಿ ಚಿಲ್ಲರೆ ಅಡಗಿಸಿ ಬರುವುದು ಅಲ್ಲಿಯ ರೂಢಿಯಲ್ಲ. ಕೊಡುವುದನ್ನು ಮುಖ ನೋಡಿ ಕೊಡಬೇಕು.

ಸಸ್ಯಾಹಾರಿಯ ದಾರಿ

ಇಷ್ಟನ್ನೂ ಓದಿದ ಸಸ್ಯಾಹಾರಿ ಓದುಗರು, "ನಮಗೇನುಂಟು?" ಎಂದು ಕೇಳಬಹುದು. ಉಂಟು, ಆದರೆ ವಿಚಾರಿಸಿ ತಿನ್ನಬೇಕು. ಹುರಿದ ಆಲೂಗಡ್ಡೆಯಲ್ಲಿ ಹಂದಿಯ ಕೊಬ್ಬಿನ ಚೂರುಗಳು ಅಡಗಿರಬಹುದು. ಕೆಂಪು ಎಲೆಕೋಸಿನ ಪಲ್ಯಕ್ಕೂ ಕೊಬ್ಬು ಬಿದ್ದಿರಬಹುದು. "ಓನೆ ಸ್ಪೆಕ್", ಎಂದರೆ 'ಕೊಬ್ಬಿಲ್ಲದೆ', ಎಂಬ ಎರಡು ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುವುದು ಕ್ಷೇಮ. ತಿಂಡಿಗಳ ಪಟ್ಟಿಯಲ್ಲಿ ಹೆಸರುಗಳ ತಲೆಯ ಮೇಲೆ ಇರುವೆಗಳಂತೆ ಕುಳಿತಿರುವ ಪುಟ್ಟ ಅಂಕಿಗಳನ್ನೂ ಅಕ್ಷರಗಳನ್ನೂ ಕಡೆಗಣಿಸಬಾರದು. ಯಾವುದರಲ್ಲಿ ಹಾಲಿದೆ, ಮೊಟ್ಟೆಯಿದೆ, ಮೀನಿದೆ ಎಂಬ ಸೂಚನೆಗಳವು. ಮೈಗೆ ಒಗ್ಗದೆ ತೊಂದರೆ ಮಾಡಬಲ್ಲ ಹದಿನಾಲ್ಕು ವಸ್ತುಗಳನ್ನು ಹೀಗೆ ತಿಳಿಸಬೇಕೆಂದು 2014ರ ಡಿಸೆಂಬರಿನಿಂದ ಐರೋಪ್ಯ ಒಕ್ಕೂಟದ ಕಟ್ಟಳೆಯಿದೆ. ಆ ಹದಿನಾಲ್ಕರಲ್ಲಿ ಸಾಸಿವೆಯೂ ಒಂದು!

ಕೊಲೋನ್ ಸೀಮೆಯಲ್ಲಿ ತುರಿದ ಆಲೂಗಡ್ಡೆಯನ್ನು ಮೊಟ್ಟೆಯೊಡನೆ ಕಲಸಿ ಎಣ್ಣೆಯಲ್ಲಿ ಬೇಯಿಸಿದ ದೋಸೆಯಂಥ ತಿಂಡಿಯೊಂದುಂಟು. ಅದಕ್ಕೆ ನಂಜಿಕೊಳ್ಳಲು ಕೊಡುವುದು ಸೇಬಿನ ಗೊಜ್ಜು. ಅಲ್ಲಿಯೇ 'ಅರ್ಧ ಕೋಳಿ' ಎಂಬ ಅರ್ಥದ ಹೆಸರನ್ನು ಪಟ್ಟಿಯಲ್ಲಿ ಕಂಡು ಹೌಹಾರಬೇಕಾಗಿಲ್ಲ. ತಟ್ಟೆಗೆ ಬರುವುದು ರೈ ಧಾನ್ಯದ ರೊಟ್ಟಿ, ಒಂದು ದಪ್ಪ ತುಂಡು ಗಿಣ್ಣು, ಜೊತೆಗೆ ಸಾಸಿವೆ. ಫ್ರಾಂಕ್‌ಫರ್ಟಿನ 'ಹಸಿರು ಗೊಜ್ಜು' ಏಳು ಬಗೆಯ ಸೊಪ್ಪುಗಳನ್ನು ಹಸಿಯಾಗಿಯೇ ಹೆಚ್ಚಿ, ಹುಳಿ ಕೆನೆಯಲ್ಲಿ ಕಲಸಿದ್ದು. ಬೆಂದ ಆಲೂಗಡ್ಡೆಯೊಡನೆ ಅದನ್ನು ಉಂಡವರಿಗೆ ನಮ್ಮ ತಂಬುಳಿಯ ನೆನಪು ಬಾರದಿರದು. ಏಪ್ರಿಲಿನಿಂದ ಜೂನ್ 24ರವರೆಗೆ ಬಿಳಿಯ ಶತಾವರಿ ಚಿಗುರಿನ ಕಾಲ. ಕರಗಿಸಿದ ಬೆಣ್ಣೆ ಸುರಿದ ಆ ಚಿಗುರಿಗಾಗಿ ದೇಶಕ್ಕೆ ದೇಶವೇ ಕಾದಿರುತ್ತದೆ. ನಮ್ಮಲ್ಲಿ ಮಾವಿನ ಕಾಲಕ್ಕೆ ಕಾಯುವಂತೆ.

ನೈರುತ್ಯದ ವ್ಯೂರ್ಟೆಂಬೆರ್ಗ್ ಸೀಮೆಗೆ ಹೋದ ಕನ್ನಡಿಗರು ಗಿಣ್ಣು ಬೆರೆಸಿದ 'ಸ್ಪೆಟ್ಸ್ಲೆ' ಎಂಬ ಶಾವಿಗೆಯನ್ನು ಕೇಳಿ ಉಣ್ಣಬಹುದು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಆ ಸೀಮೆಯಲ್ಲಿ. 1894ರಲ್ಲಿ ಕನ್ನಡಕ್ಕೆ ನಿಘಂಟನ್ನು ಕೊಟ್ಟ ಕಿಟ್ಟೆಲರು ಕೊನೆಯುಸಿರೆಳೆದ ಟ್ಯೂಬಿಂಗನ್ ಪಟ್ಟಣ ಇರುವುದೂ ಅಲ್ಲಿಯೇ. ನಮ್ಮ ಮಾತುಗಳನ್ನು ಒಂದೊಂದಾಗಿ ಎಣಿಸಿ ಅರ್ಥ ಬರೆದಿಟ್ಟ ಆ ತಾಳ್ಮೆಯೂ, ತಿಂದ ರೊಟ್ಟಿಯನ್ನು ಎಣಿಸಿ ಬರೆಯುವ ಈ ಕಟ್ಟುನಿಟ್ಟೂ ಒಂದೇ ಮಣ್ಣಿನವು ಎಂದು ಆಗ ಅನಿಸದಿರದು.

ಲೆಕ್ಕದ ಹಿಂದಿನ ಹಸಿವು

ಆ ಮಣ್ಣು ಹಸಿವನ್ನು ಕಂಡ ಮಣ್ಣು. 1946-47ರ ಚಳಿಗಾಲವನ್ನು ಅಲ್ಲಿಯವರು ಇಂದಿಗೂ 'ಹಸಿವಿನ ಚಳಿಗಾಲ' ಎಂದೇ ನೆನೆಯುತ್ತಾರೆ. ಪಶ್ಚಿಮ ಜರ್ಮನಿಯಲ್ಲಿ ಆಹಾರದ ಪಡಿತರ ಚೀಟಿಗಳು ಕೊನೆಗೊಂಡದ್ದು 1950ರಲ್ಲಿ. ಪೂರ್ವ ಜರ್ಮನಿಯಲ್ಲಿ 1958ರಲ್ಲಿ. ರೊಟ್ಟಿಯನ್ನು ಗ್ರಾಮುಗಳಲ್ಲಿ ತೂಗಿ ತಿಂದ ಆ ಮಕ್ಕಳೇ ಇಂದಿನ ಅಜ್ಜ ಅಜ್ಜಿಯರು. ತಟ್ಟೆಯನ್ನು ಬರಿದು ಮಾಡಿದರೆ ನಾಳೆ ಒಳ್ಳೆಯ ಬಿಸಿಲು ಬರುತ್ತದೆಂದು ಅವರು ಮೊಮ್ಮಕ್ಕಳಿಗೆ ಹೇಳುತ್ತಾರೆ. ಎಲೆಯಲ್ಲಿ ಅನ್ನ ಬಿಡಬಾರದೆಂದು ನಮ್ಮ ಅಜ್ಜಿಯರು ಹೇಳಲಿಲ್ಲವೆ? ಬೇಕಾದಷ್ಟನ್ನೇ ಕೇಳು, ಕೇಳಿದ್ದಕ್ಕೆ ಬೆಲೆ ಕೊಡು, ಕೊಂಡದ್ದನ್ನು ಚೆಲ್ಲಬೇಡ—ಕೆಚಪ್ಪಿನ ಆ ಕೆಲವು ಸೆಂಟುಗಳಲ್ಲಿ ವ್ಯಾಪಾರದ ಜಾಣತನ ಎಷ್ಟಿದೆಯೋ, ಈ ವಿವೇಕವೂ ಅಷ್ಟೇ ಇದೆ. ನಮ್ಮ ಮದುವೆಯ ಮನೆಗಳ ಹಿಂಬದಿಯಲ್ಲಿ ರಾಶಿ ಬೀಳುವ ಎಲೆಗಳನ್ನು ನೆನೆದರೆ, ಧಾರಾಳತನವೆಲ್ಲ ಸದ್ಗುಣವೇ ಎಂಬ ಸಂಶಯ ಒಮ್ಮೆ ಹುಟ್ಟಬೇಕಾದುದೇ. ಹಾಗೆಂದು ಬಟ್ಟಲು ಚಾಚಿದ ಗಿರಾಕಿಗೆ ಮರುಮಾತಿಲ್ಲದೆ ಸಾಂಬಾರು ಬಡಿಸುವ ಮಾಣಿಯ ಕೈ ಸಣ್ಣದೇನಲ್ಲ. ಆ ಕೈಯ ಸುಖ ಗೊತ್ತಾಗುವುದು ಅದು ಸಿಕ್ಕದ ದೇಶದಲ್ಲಿಯೇ.

ಇನ್ನು, ಈ ಲೆಕ್ಕದ ನಾಡಿನಲ್ಲೇ ಲೆಕ್ಕವನ್ನು ಬದಿಗಿಟ್ಟ ಒಂದು ಸ್ಥಳವೂ ಉಂಟು. ಅದು ಬವೇರಿಯದ ಬಿಯರ್ ತೋಟ. ಬಿಯರನ್ನು ತಂಪಾಗಿಡಲು ನೆಲಮಾಳಿಗೆಗಳನ್ನು ತೋಡಿ, ಮೇಲೆ ನೆರಳಿಗೆಂದು ಚೆಸ್ಟ್‌ನಟ್ ಮರಗಳನ್ನು ಬೆಳೆಸಿ, ಅವುಗಳ ಅಡಿಯಲ್ಲಿಯೇ ಮಾರಾಟಕ್ಕೆ ತೊಡಗಿದರು ಮ್ಯೂನಿಕ್ಕಿನ ಬಿಯರ್ ತಯಾರಕರು. ಊರಿನ ಹೋಟೆಲಿನವರು ತಕರಾರು ತೆಗೆದರು. ರಾಜ ಒಂದನೆಯ ಮ್ಯಾಕ್ಸಿಮಿಲಿಯನ್ 1812ರಲ್ಲಿ ತೀರ್ಪಿತ್ತನು: ಅವರು ಬಿಯರನ್ನು ಮಾರಬಹುದು, ರೊಟ್ಟಿಯನ್ನೂ ಕೊಡಬಹುದು, ಬೇರೆ ಊಟವನ್ನು ಮಾರಕೂಡದು. ಜನ ತಮ್ಮ ಊಟವನ್ನು ಮನೆಯಿಂದ ಕಟ್ಟಿಕೊಂಡು ಬರತೊಡಗಿದರು. ಆ ನಿರ್ಬಂಧ ಕಾಲಾಂತರದಲ್ಲಿ ಹೋಯಿತು. ಬುತ್ತಿಯ ಹಕ್ಕು ಉಳಿಯಿತು. 1999ರ ಬವೇರಿಯ ಸರಕಾರದ ಆಜ್ಞೆಯೂ ಬುತ್ತಿಯನ್ನು ತಂದು ತಿನ್ನುವ ಸ್ವಾತಂತ್ರ್ಯವನ್ನು ಬಿಯರ್ ತೋಟದ ಲಕ್ಷಣವೆಂದೇ ಒಪ್ಪಿದೆ.

ಬಟ್ಟೆ ಹಾಸಿದ ಮೇಜು ಅಲ್ಲಿಯ ಊಟ ಕೊಳ್ಳುವವರಿಗೆ. ಬರಿಯ ಹಲಗೆಯ ಮೇಜು ಯಾರಿಗಾದರೂ ಸರಿ. "ಇಲ್ಲಿ ಜಾಗ ಉಂಟೆ?" ಎಂದು ಕೇಳಿ, ಅಪರಿಚಿತರ ಪಕ್ಕದಲ್ಲಿಯೇ ಕುಳಿತುಕೊಳ್ಳಬಹುದು. ಪಾನೀಯವನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು. ಅದು ಬಿಯರೇ ಆಗಬೇಕೆಂದಿಲ್ಲ. ಸೇಬಿನ ರಸವೂ ಆದೀತು. ಮಗನೋ ಮಗಳೋ ಓದುತ್ತಿರುವ ಊರಿಗೆ ಹೋದ ತಾಯಿ ಒಂದು ಡಬ್ಬಿ ಚಿತ್ರಾನ್ನವನ್ನು ಕಲಸಿಕೊಂಡು ಹೋಗಿ, ಆ ಮರದ ನೆರಳಿನಲ್ಲಿ ಬಿಚ್ಚಿದರೆ ಬೇಡವೆನ್ನುವವರು ಯಾರೂ ಇಲ್ಲ. ಪಕ್ಕದ ಜರ್ಮನ್ ಕುಟುಂಬ ಆ ಹಳದಿ ಅನ್ನದಲ್ಲಿ ಹೊಳೆಯುವ ಕರಿಯ ಕಾಳುಗಳನ್ನು ಕುತೂಹಲದಿಂದ ನೋಡೀತು. ಅವರ ತಟ್ಟೆಗೂ ಒಂದು ಚಮಚ ಬಡಿಸಿ, ಅದೇನೆಂದು ಹೇಳಬಹುದು. ಹೆಸರು ಬೇರೆಯಾದರೂ ಕಾಳು ಅವರಿಗೆ ಪರಿಚಿತವೇ. ಆ ಸಾಸಿವೆಗೂ ಸುಂಕವಿಲ್ಲ.